ಕಾರ್ಡ್‌ಲೆಸ್ ಮೈಕ್ ತಗೊಳ್ಳುವ ಮೊದಲು ನಡೆದಾಡುವವರನ್ನು ಎಣಿಸಿ

ಮಳೆ ನಿಂತು ದೀಪಾವಳಿ ಹತ್ತಿರ ಬಂತು ಅಂದರೆ ನನ್ನ ಫೋನಿಗೆ ಒಂದೇ ಪ್ರಶ್ನೆ ಬರಲು ಶುರುವಾಗುತ್ತದೆ. ರಾಜ್ಯೋತ್ಸವ, ಶಾಲಾ ವಾರ್ಷಿಕೋತ್ಸವ, ಆಮೇಲೆ ಜಾತ್ರೆ, ಯಕ್ಷಗಾನ, ಮದುವೆ ಅಂತ ಮೇ ತಿಂಗಳವರೆಗೆ ಮಲೆನಾಡಿನಲ್ಲಿ ಮೈಕ್ ಸೆಟ್ಟಿನವರಿಗೆ ಪುರುಸೊತ್ತಿಲ್ಲ. "ಅಣ್ಣಾ, ಸಂಘಕ್ಕೆ ಒಂದು ಕಾರ್ಡ್‌ಲೆಸ್ ಸೆಟ್ ತಗೋಬೇಕು. ಯಾವ ಕಂಪನಿದು ಒಳ್ಳೇದು?"

ನಾನು ತಿರುಗಿ ಕೇಳುವುದೂ ಒಂದೇ. "ನಿಮ್ಮ ವೇದಿಕೆ ಮೇಲೆ ನಡೆದಾಡೋರು ಎಷ್ಟು ಜನ?"

ಕೆಲವರಿಗೆ ಸಿಟ್ಟೇ ಬರುತ್ತದೆ. ಕಂಪನಿ ಹೆಸರು ಕೇಳಿದರೆ ಕಾಲು ಎಣಿಸೋಕೆ ಹೇಳ್ತಾನಲ್ಲ ಅಂತ. ಆದರೆ ತೀರ್ಥಹಳ್ಳಿ ಕಡೆ ಬಾವನ ಮೈಕ್ ಸೆಟ್ಟಿನಲ್ಲಿ ವೈರ್ ಸುತ್ತುತ್ತಾ ಶುರು ಮಾಡಿದ ನನಗೆ ಇಷ್ಟು ವರ್ಷದಲ್ಲಿ ಗಟ್ಟಿಯಾಗಿ ಗೊತ್ತಾಗಿರುವುದು ಇದೊಂದೇ. ಕಾರ್ಡ್‌ಲೆಸ್ ಇರುವುದು ನಡೆಯುವವರಿಗೆ. ಕೂತವರಿಗೆ, ನಿಂತಲ್ಲೇ ನಿಂತು ಮಾತಾಡುವವರಿಗೆ ವೈರ್ ಮೈಕಿಗಿಂತ ಒಳ್ಳೆಯದು ಇನ್ನೂ ಬಂದಿಲ್ಲ. ಸೆಲ್ ಮುಗಿಯಲ್ಲ, ಸಿಗ್ನಲ್ ಹೋಗಲ್ಲ, ಪಕ್ಕದ ಛತ್ರದ ಮದುವೆ ನಮ್ಮ ಸ್ಪೀಕರ್ ಬಾಕ್ಸಿನಲ್ಲಿ ಕೇಳಲ್ಲ. ಶೂರ್ ಕಂಪನಿಯ ಎಸ್‌ಎಂ58 ವೈರ್ ಮೈಕ್ ಬಂದದ್ದು 1966ರಲ್ಲಿ. ಇವತ್ತಿಗೂ ಅಂಗಡಿಯಲ್ಲಿ ಹೊಸದಾಗಿ ಸಿಗುತ್ತದೆ. 1966ರಲ್ಲಿ ಬಂದ ಇನ್ಯಾವ ಎಲೆಕ್ಟ್ರಾನಿಕ್ ಸಾಮಾನು ಹಾಗೆ ಉಳಿದಿದೆ ಹೇಳಿ.

ಹೋದ ವರ್ಷ ತಾಳಮದ್ದಳೆ ಕೂಟದವರು ಬಂದಿದ್ದರು. ತಾಳಮದ್ದಳೆ ಅಂದರೆ ವೇಷ, ಕುಣಿತ ಇಲ್ಲದೆ ಕೂತು ಹಾಡು, ಮಾತಿನಲ್ಲೇ ನಡೆಸುವ ಯಕ್ಷಗಾನ. ಪಾತ್ರಗಳ ಮಾತಾಡುವ ಅರ್ಥಧಾರಿಗಳು ಆರು ಜನ, ಜೊತೆಗೆ ಹಾಡುವ ಭಾಗವತರು, ಮದ್ದಳೆ, ಚಂಡೆ. "ಎಂಟು ಕಾರ್ಡ್‌ಲೆಸ್ ಬೇಕು ಮಾರಾಯ, ವೈರ್ ಕಂಡರೆ ವೇದಿಕೆ ಚಂದ ಕಾಣಲ್ಲ" ಅಂದರು. "ಭಟ್ರೇ, ಅರ್ಥಧಾರಿಗಳು ಚಕ್ಕಳಮಕ್ಕಳ ಹಾಕಿ ಕೂತರೆ ಏಳೋದು ಕಾಫಿಗೆ ಮಾತ್ರ. ಕಾಫಿ ಕುಡಿಯೋಕೆ ಮೈಕ್ ಯಾಕೆ?" ಅಂದೆ. ನಕ್ಕು ಒಪ್ಪಿದರು. ವೈರುಗಳನ್ನು ಜಮಖಾನದ ಅಡಿಯಲ್ಲಿ ಓಡಿಸಿದೆವು, ಗಿಡ್ಡ ಸ್ಟ್ಯಾಂಡ್ ಇಟ್ಟೆವು. ಸ್ವಾಗತ, ಸನ್ಮಾನಕ್ಕೆ ಒಂದೇ ಒಂದು ಕಾರ್ಡ್‌ಲೆಸ್. ಆ ರಾತ್ರಿ ನಾನು ಎಲ್ಲ ಮೈಕಿನ ಧ್ವನಿ ಹೊಂದಿಸುವ ಮಿಕ್ಸರ್ ಮುಂದಿನ ಕುರ್ಚಿ ಬಿಟ್ಟು ಏಳಲೇ ಇಲ್ಲ.

ಹಾಗಾದರೆ ನಡೆಯುವವರು ಯಾರು? ಕಾರ್ಯಕ್ರಮ ನಿರೂಪಿಸುವವರು. ಸಭಿಕರ ನಡುವೆ ಪ್ರಶ್ನೆಗೆ ಓಡಾಡುವ ಮೈಕು. ಬೋರ್ಡ್ ತೋರಿಸುತ್ತಾ ಪಾಠ ಮಾಡುವ ಸಂಪನ್ಮೂಲ ವ್ಯಕ್ತಿ. ಯಕ್ಷಗಾನದ ಮುಮ್ಮೇಳ, ಅಂದರೆ ವೇಷ ಕಟ್ಟಿ ಕುಣಿಯುವವರು. ಊರಿನ ಸಂಘದ ಮಾಮೂಲಿ ಕಾರ್ಯಕ್ರಮಕ್ಕೆ ಎರಡು ಕಾರ್ಡ್‌ಲೆಸ್ ಸಾಕೇ ಸಾಕು. ಒಂದು ಕೆಲಸಕ್ಕೆ, ಒಂದು ಕೈಕೊಟ್ಟರೆ ಇರಲಿ ಅಂತ. ಇದರ ಜೊತೆ ಡಯಾಸಿಗೆ ಒಂದು ವೈರ್ ಮೈಕ್ ಯಾವಾಗಲೂ ಇರಲೇಬೇಕು.

ಯಾವ ಅಲೆ: ವಿಎಚ್‌ಎಫ್, ಯುಎಚ್‌ಎಫ್, 2.4

ಕಂಪನಿಗಿಂತ ಮೊದಲು ನೋಡಬೇಕಾದದ್ದು ಸೆಟ್ಟು ಯಾವ ಅಲೆಯಲ್ಲಿ ಕೆಲಸ ಮಾಡುತ್ತದೆ ಅನ್ನುವುದನ್ನು. ಪೆಟ್ಟಿಗೆಯ ಹಿಂದೆ ಮೆಗಾಹರ್ಟ್ಸ್ ಅಂತ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಅಂಗಡಿಯವರು ಹೇಳಲ್ಲ, ನಾವೇ ಓದಬೇಕು.

ವಿಎಚ್‌ಎಫ್ ಹಳೇ ದಾರಿ. 200 ಮೆಗಾಹರ್ಟ್ಸ್‌ನ ಆಸುಪಾಸು. ಅಲೆ ಸುಮಾರು ಒಂದೂವರೆ ಮೀಟರ್ ಉದ್ದ. ಹಾಗಾಗಿ ಕಂಬ, ಮರ, ಜನ ಎಲ್ಲವನ್ನೂ ಸುತ್ತಿಕೊಂಡು ಬರುವ ಗುಣ ಅದಕ್ಕಿದೆ. ಬೆಲೆಯೂ ಕಡಿಮೆ. ಊರ ದೇವಸ್ಥಾನಗಳಲ್ಲಿ ಅಹುಜಾ ಆಂಪ್ಲಿಫೈಯರ್ ಪಕ್ಕ ಉದ್ದ ಆಂಟೆನಾ ಚಾಚಿಕೊಂಡು ಕೂತಿರುವುದು ಬಹಳ ಸಲ ಈ ಜಾತಿಯದೇ. ತೊಂದರೆ ಎರಡು. ಮೊದಲನೆಯದು, ಜನರೇಟರ್, ಪಂಪ್‌ಸೆಟ್ ಮೋಟಾರ್, ಮಿಣುಕು ದೀಪದ ಸರ ಇವೆಲ್ಲದರ ಗೊರಗೊರ ಇದಕ್ಕೆ ಬೇಗ ಅಂಟುತ್ತದೆ. ಎರಡನೆಯದು, ಅಗ್ಗದ ಸೆಟ್ಟುಗಳಲ್ಲಿ ಫ್ರೀಕ್ವೆನ್ಸಿ ಬದಲಾಯಿಸೋಕೆ ಆಗಲ್ಲ. ಪಕ್ಕದ ಬೀದಿಯವರೂ ಅದೇ ಸೆಟ್ ತಂದಿದ್ದರೆ ಅವರ ಗಣಪತಿಯ ಭಜನೆ ನಮ್ಮ ಗಣಪತಿಗೂ ಕೇಳುತ್ತದೆ. ಒಂದೇ ಮೈಕು, ಒಂದೇ ದೇವಸ್ಥಾನ, ಅಕ್ಕಪಕ್ಕ ಯಾರೂ ಇಲ್ಲ ಅನ್ನುವ ಕಡೆ ವಿಎಚ್‌ಎಫ್ ಇವತ್ತಿಗೂ ನಡೆಯುತ್ತದೆ. ಅದಕ್ಕೆ ಮೂಗು ಮುರಿಯಬೇಕಾಗಿಲ್ಲ.

2.4 ಗಿಗಾಹರ್ಟ್ಸ್ ಈಗಿನ ಹುಡುಗರ ದಾರಿ. ಮೊಬೈಲಿಗೆ ಸಿಕ್ಕಿಸುವ ಚಿಕ್ಕ ಕ್ಲಿಪ್ ಮೈಕುಗಳು, ರೋಡ್ ಕಂಪನಿಯ ವೈರ್‌ಲೆಸ್ ಗೋ ತರಹದವು, ಹೆಚ್ಚಾಗಿ ಇದರಲ್ಲೇ ಕೆಲಸ ಮಾಡುತ್ತವೆ. ಲೈಸೆನ್ಸ್ ಬೇಡ, ಚಾನೆಲ್ ಹುಡುಕೋದು ಬೇಡ, ಆನ್ ಮಾಡಿದರೆ ತಾನೇ ಜೋಡಿಯಾಗುತ್ತದೆ. ನೋಡೋಕೂ ಮುದ್ದಾಗಿರುತ್ತದೆ. ಆದರೆ ವೈಫೈ, ಬ್ಲೂಟೂತ್, ಮದುವೆ ಫೋಟೋದವರ ಡ್ರೋನ್ ರಿಮೋಟ್ ಎಲ್ಲ ಓಡಾಡುವುದೂ ಇದೇ ರಸ್ತೆಯಲ್ಲಿ. ಜೊತೆಗೆ ಈ ಅಲೆಗೆ ಮೈ ಅಡ್ಡ ಬಂದರೆ ಆಗಿಬರುವುದಿಲ್ಲ. ಮನುಷ್ಯನ ಮೈ ಅರ್ಧಕ್ಕಿಂತ ಜಾಸ್ತಿ ನೀರು. ಆ ನೀರು 2.4ರ ಅಲೆಯನ್ನು ಹೀರಿಕೊಳ್ಳುತ್ತದೆ.

ಇದನ್ನು ನಾನು ಓದಿ ಕಲಿತದ್ದಲ್ಲ. ಒಂದು ಶಾಲಾ ವಾರ್ಷಿಕೋತ್ಸವ. ಸಂಜೆ ನಾಲ್ಕಕ್ಕೆ ಖಾಲಿ ಸಭಾಂಗಣದಲ್ಲಿ 2.4ರ ಸೆಟ್ಟನ್ನು ಪರೀಕ್ಷೆ ಮಾಡಿದೆವು. ವೇದಿಕೆಯಿಂದ ಹಿಂದಿನ ಬಾಗಿಲವರೆಗೆ ಮೈಕ್ ಹಿಡಿದು ನಡೆದೆ, ಎಲ್ಲೂ ಕಟ್ ಇಲ್ಲ. ಮೈಕಿನ ಅಲೆ ಹಿಡಿಯುವ ಪೆಟ್ಟಿಗೆ, ಅಂದರೆ ರಿಸೀವರನ್ನು ಸಭಾಂಗಣದ ಕೊನೆಯಲ್ಲಿ ಮಿಕ್ಸರ್ ಪಕ್ಕವೇ ಇಟ್ಟೆ. ಏಳು ಗಂಟೆಗೆ ಐನೂರು ಜನ ಅಪ್ಪ ಅಮ್ಮಂದಿರು ಬಂದು ಕೂತರು. ಮಕ್ಕಳ ಕುಣಿತ ಶುರುವಾಯಿತು. ಐನೂರು ಜನರೂ ಮೊಬೈಲ್ ಎತ್ತಿ ಎದ್ದು ನಿಂತರು. ನಿರೂಪಣೆ ಮಾಡುತ್ತಿದ್ದ ಟೀಚರ್ ಮಾತು "ಈಗ ನಿಮ್... ಂದೆ... ರಗತಿಯ ಮಕ್..." ಅಂತ ಚೂರುಚೂರಾಯಿತು. ಆಕೆ ಮೈಕನ್ನು ತಟ್ಟಿ ತಟ್ಟಿ ನೋಡುತ್ತಿದ್ದರು, ನಾನು ಜನರ ನಡುವೆ ರಿಸೀವರ್ ಎತ್ತಿಕೊಂಡು ವೇದಿಕೆ ಕಡೆ ಓಡುತ್ತಿದ್ದೆ. ಸೆಟ್ಟಿನ ತಪ್ಪು ಅರ್ಧ. ಖಾಲಿ ಹಾಲಿನ ಪರೀಕ್ಷೆ ನಂಬಿದ ನನ್ನ ತಪ್ಪು ಇನ್ನರ್ಧ.

ಲೆಕ್ಕವೂ ಅದನ್ನೇ ಹೇಳುತ್ತದೆ. ಒಂದೇ ಶಕ್ತಿಯಲ್ಲಿ, ಅದೇ ತರಹದ ಸಣ್ಣ ಆಂಟೆನಾದಲ್ಲಿ 600 ಮೆಗಾಹರ್ಟ್ಸ್ ಮತ್ತು 2400 ಮೆಗಾಹರ್ಟ್ಸ್ ಕಳಿಸಿದರೆ, ಬಯಲಲ್ಲೇ ಎರಡನೆಯದು ಅಷ್ಟೇ ದೂರದಲ್ಲಿ ಹದಿನಾರನೇ ಒಂದು ಭಾಗ ಮಾತ್ರ ತಲುಪುತ್ತದೆ. ಇನ್ನು ನಡುವೆ ಜನ, ಒದ್ದೆ ಶಾಮಿಯಾನ, ಅಡಿಕೆ ಮರದ ಸಾಲು ಬಂದರೆ ಕೇಳೋದೇ ಬೇಡ. ಚಿಕ್ಕ ಕೋಣೆಯ ತರಬೇತಿ, ವಿಡಿಯೋ ಮಾಡುವುದು, ಐವತ್ತು ಅರವತ್ತು ಜನರ ಗೃಹಪ್ರವೇಶ, ಇಂಥದ್ದಕ್ಕೆ 2.4 ಚೆನ್ನ. ಜಾತ್ರೆಗೆ ಬೇಡ.

ಹೀಗಾಗಿ ಸಭೆ, ನಾಟಕ, ಯಕ್ಷಗಾನ ಅಂದರೆ ನನ್ನ ಮತ ಯುಎಚ್‌ಎಫ್‌ಗೆ. 470ರಿಂದ 700 ಮೆಗಾಹರ್ಟ್ಸ್ ಒಳಗಿನ ಸೆಟ್ಟುಗಳು. ಅಲೆಯ ಉದ್ದ ಅರ್ಧ ಮೀಟರ್ ಆಸುಪಾಸು, ಆಂಟೆನಾ ಗೇಣುದ್ದಕ್ಕಿಂತ ಕಡಿಮೆ. ಒಂದೇ ಜಾಗದಲ್ಲಿ ಎಂಟು ಹತ್ತು ಮೈಕನ್ನು ಜಗಳವಿಲ್ಲದೆ ಓಡಿಸಬಹುದು. ಮೊದಲು ಈ ಜಾಗದಲ್ಲಿ ದೂರದರ್ಶನದ ಗೋಪುರಗಳ ಟಿವಿ ಇರುತ್ತಿತ್ತು. ದೂರದರ್ಶನ ಅಂಥ ಹಳೇ ಅನಲಾಗ್ ಪ್ರಸಾರ ಕೇಂದ್ರಗಳನ್ನು ಬಹುಪಾಲು ಮುಚ್ಚಿದ ಮೇಲೆ ನಮ್ಮ ಕಡೆ ಅದು ಹೆಚ್ಚು ಕಡಿಮೆ ಖಾಲಿ.

ಆದರೆ ಒಂದು ಎಚ್ಚರಿಕೆ. ಬೆಂಗಳೂರಿನ ಎಸ್‌ಪಿ ರೋಡ್ ಕಡೆಯಿಂದಲೋ, ಪರಿಚಯದ ಮೈಕ್ ಸೆಟ್ಟಿನವರಿಂದಲೋ ಸೆಕೆಂಡ್‌ಹ್ಯಾಂಡ್ ಯುಎಚ್‌ಎಫ್ ಅಗ್ಗಕ್ಕೆ ಬಂದರೆ ನಂಬರ್ ಓದಿ. 700ರಿಂದ 800 ಮೆಗಾಹರ್ಟ್ಸ್ ಅಂತ ಇದ್ದರೆ ಕೈ ಮುಗಿದು ವಾಪಸ್ ಕೊಡಿ. 2022ರ ಹರಾಜಿನಲ್ಲಿ ಜಿಯೋ ದೇಶದ 22 ಟೆಲಿಕಾಂ ವಲಯಗಳಲ್ಲೂ 700 ಮೆಗಾಹರ್ಟ್ಸ್ ಅಲೆಯನ್ನು ಕೊಂಡಿದೆ, 5ಜಿಗಾಗಿ. ಆ ಬ್ಯಾಂಡಿನಲ್ಲಿ ಸಭಿಕರ ಜೇಬಿನ ಫೋನುಗಳು 703ರಿಂದ 748ರ ನಡುವೆ ಮಾತಾಡಿದರೆ, ಟವರ್ 758ರಿಂದ 803ರ ನಡುವೆ ಉತ್ತರ ಕೊಡುತ್ತದೆ. ಅಗ್ಗದ ಮೈಕು ಎರಡರ ಮಧ್ಯೆ ಸಿಕ್ಕಿ ನರಳುತ್ತದೆ. ಅಗ್ಗಕ್ಕೆ ಮಾರುವವರಿಗೆ ಇದು ಗೊತ್ತಿರುತ್ತದೆ, ಅದಕ್ಕೇ ಅಗ್ಗ.

ಬ್ಲೂಟೂತ್ ಮೈಕ್ ಅಂತ ಬಾಕ್ಸ್ ಜೊತೆ ಬರುವ ಬಣ್ಣಬಣ್ಣದ ದೀಪದವು ಇವೆಯಲ್ಲ, ಅದರ ವಿಷಯ ಬೇಗ ಮುಗಿಸುತ್ತೇನೆ. ನಿಜವಾಗಿ ಬ್ಲೂಟೂತಿನಲ್ಲೇ ಓಡುವ ಮೈಕಿನಲ್ಲಿ ಧ್ವನಿ ನೂರು ಮಿಲಿಸೆಕೆಂಡಿಗೂ ತಡವಾಗಿ ಹೊರಬರಬಹುದು. ತನ್ನ ಮಾತು ತನಗೇ ಹಿಂದಿನಿಂದ ಕೇಳಿದರೆ ಎಂಥ ಭಾಷಣಕಾರನೂ ತೊದಲುತ್ತಾನೆ. ಮಕ್ಕಳ ಹುಟ್ಟುಹಬ್ಬಕ್ಕೆ ಇರಲಿ.

ಅನಲಾಗೋ ಡಿಜಿಟಲ್ಲೋ

ಯುಎಚ್‌ಎಫ್ ಒಳಗೇ ಎರಡು ತರ. ಅನಲಾಗ್ ಸೆಟ್ಟು ಧ್ವನಿಯನ್ನು ಒತ್ತಿ ಕಳಿಸಿ, ಈ ಕಡೆ ಬಿಚ್ಚುತ್ತದೆ. ಅಗ್ಗದ ಸೆಟ್ಟಿನಲ್ಲಿ ಮಾತಿನ ಕೊನೆಗೆ ಸಣ್ಣಗೆ "ಹಸ್ಸ್" ಅಂತ ಉಸಿರು ಬಿಟ್ಟಂತೆ ಕೇಳುವುದು ಅದಕ್ಕೇ. ಸಿಗ್ನಲ್ ಕಡಿಮೆಯಾದರೆ ಮೊದಲು ಚರಚರ ಅನ್ನುತ್ತದೆ, ಆಮೇಲೆ ಹೋಗುತ್ತದೆ. ಅಂದರೆ ಮುನ್ಸೂಚನೆ ಕೊಡುತ್ತದೆ. ಡಿಜಿಟಲ್ ಕೊನೆಯ ಕ್ಷಣದವರೆಗೂ ಸ್ಫಟಿಕದ ಹಾಗಿದ್ದು ಫಕ್ಕನೆ ಮಾಯ. ಆದರೆ ಧ್ವನಿ ವೈರ್ ಮೈಕಿಗೆ ಹತ್ತಿರ, ಹೆಚ್ಚು ಮೈಕುಗಳನ್ನು ಕಡಿಮೆ ಜಾಗದಲ್ಲಿ ಹೊಂದಿಸಬಹುದು. ಡಿಜಿಟಲ್ ತಡ ಮಾಡುತ್ತದೆ ಅಂತ ಹೆದರುವವರಿದ್ದಾರೆ. ಒಳ್ಳೆಯ ಸೆಟ್ಟಿನಲ್ಲಿ ಆ ತಡ ಮೂರು ನಾಲ್ಕು ಮಿಲಿಸೆಕೆಂಡ್. ಶಬ್ದ ಗಾಳಿಯಲ್ಲಿ ಒಂದು ಮೀಟರ್ ದಾಟೋಕೆ ಸುಮಾರು ಮೂರು ಮಿಲಿಸೆಕೆಂಡ್ ಬೇಕು. ಬಾಕ್ಸಿನಿಂದ ಒಂದು ಹೆಜ್ಜೆ ಹಿಂದೆ ಸರಿದಷ್ಟೇ ವ್ಯತ್ಯಾಸ.

ಸಂಘಕ್ಕೆ ಎರಡು ಮೈಕು ಸಾಕು ಅನ್ನುವವರಿಗೆ ಅನಲಾಗ್ ಯುಎಚ್‌ಎಫ್ ಧಾರಾಳ. ಶೂರ್ ಬಿಎಲ್‌ಎಕ್ಸ್ ಈ ಸಾಲಿನದು. ವಾರಕ್ಕೆರಡು ಕಾರ್ಯಕ್ರಮ, ಆರಕ್ಕಿಂತ ಜಾಸ್ತಿ ಮೈಕು ಅನ್ನುವವರು ಡಿಜಿಟಲ್ಲಿಗೆ ಹೋಗಿ. ಶೂರ್ ಎಸ್‌ಎಲ್‌ಎಕ್ಸ್-ಡಿ, ಸೆನ್ಹೈಸರ್ ಇಡಬ್ಲ್ಯೂ-ಡಿ ಅಂಥವು. ಬೆಲೆ ನೋಡಿ ಮೊದಲು ಒಂದು ಲೋಟ ನೀರು ಕುಡಿಯಿರಿ.

ಯಾವ ಬೆಲೆಯದಾದರೂ ಸರಿ, ಒಂದು ವಿಷಯದಲ್ಲಿ ರಾಜಿ ಬೇಡ. ರಿಸೀವರಿಗೆ ಎರಡು ಆಂಟೆನಾ ಇದ್ದು, ಎರಡರಲ್ಲಿ ಯಾವುದಕ್ಕೆ ಚೆನ್ನಾಗಿ ಸಿಗುತ್ತದೋ ಅದನ್ನು ತಾನೇ ಆರಿಸಿಕೊಳ್ಳುವ ಡೈವರ್ಸಿಟಿ ಇರಬೇಕು. ಅಲೆ ಗೋಡೆಗೆ, ತಗಡಿಗೆ ಬಡಿದು ವಾಪಸ್ ಬಂದಾಗ ಕೆಲವು ಜಾಗದಲ್ಲಿ ನೇರ ಬಂದದ್ದೂ ತಿರುಗಿ ಬಂದದ್ದೂ ಸೇರಿ ಸೊನ್ನೆಯಾಗುತ್ತದೆ. ಮೈಕ್ ಹಿಡಿದವರು ಅರ್ಧ ಹೆಜ್ಜೆ ಸರಿದರೆ ಮತ್ತೆ ಬರುತ್ತದೆ. ಎರಡನೇ ಆಂಟೆನಾ ಆ ಅರ್ಧ ಹೆಜ್ಜೆಯ ಕೆಲಸ ಮಾಡುತ್ತದೆ. ನಮ್ಮ ಕಡೆಯ ತಗಡು ಶೀಟಿನ ಸಭಾಭವನಗಳಲ್ಲಿ ಇದಿಲ್ಲದೆ ಆಗದು. ಎರಡು ಕಡ್ಡಿ ಕಂಡ ಮಾತ್ರಕ್ಕೆ ಡೈವರ್ಸಿಟಿ ಇದೆ ಅಂತಲ್ಲ. ಎರಡು ಮೈಕಿನ ಅಗ್ಗದ ಪೆಟ್ಟಿಗೆಯಲ್ಲಿ ಮೈಕಿಗೊಂದು ಆಂಟೆನಾ ಕೊಟ್ಟಿರುತ್ತಾರೆ ಅಷ್ಟೇ. ಕೇಳಿ ತಿಳಿದುಕೊಳ್ಳಿ.

ಕೈಗೋ, ಕಾಲರಿಗೋ, ಕೆನ್ನೆಗೋ

ಹ್ಯಾಂಡ್ ಮೈಕ್ ಎಲ್ಲಕ್ಕಿಂತ ಸುಲಭ, ಕುಯ್ಯೆನ್ನುವುದು ಎಲ್ಲಕ್ಕಿಂತ ಕಡಿಮೆ. ಆದರೆ ಮುಖ್ಯ ಅತಿಥಿಗಳು ಅದನ್ನು ಹೊಟ್ಟೆ ಹತ್ತಿರ ಹಿಡಿದು ಮಾತಾಡುತ್ತಾರೆ. ಇನ್ನು ಕೆಲವರು ಟಿವಿಯಲ್ಲಿ ನೋಡಿದ ಗಾಯಕರ ಹಾಗೆ ಜಾಲರಿಯನ್ನೇ ಮುಷ್ಟಿಯಲ್ಲಿ ಮುಚ್ಚುತ್ತಾರೆ. ಹಾಗೆ ಮುಚ್ಚಿದರೆ ಮುಂದಿನಿಂದ ಮಾತ್ರ ಕೇಳಬೇಕಾದ ಮೈಕು ಸುತ್ತಲಿಂದ ಕೇಳಲು ಶುರು ಮಾಡುತ್ತದೆ, ಕುಯ್ ಅನ್ನುತ್ತದೆ. ಹೇಳೋಕೆ ಸಂಕೋಚ ಬೇಡ. "ಸಾರ್, ಸ್ವಲ್ಪ ಕೆಳಗೆ ಹಿಡ್ಕೊಳ್ಳಿ, ನಾಲ್ಕು ಬೆರಳು ದೂರ" ಅಂದರೆ ಯಾರೂ ಬೇಜಾರು ಮಾಡಿಕೊಳ್ಳಲ್ಲ.

ಕಾಲರ್ ಮೈಕ್ ಎಲ್ಲರಿಗೂ ಆಸೆ, ನನಗೆ ತಲೆನೋವು. ಗಲ್ಲದಿಂದ ಒಂದು ಗೇಣು ಕೆಳಗೆ ಸಿಕ್ಕಿಸುತ್ತೇವೆ. ಬಾಯಿಂದ ದೂರ ದುಪ್ಪಟ್ಟಾದರೆ ಧ್ವನಿ 6 ಡೆಸಿಬೆಲ್ ಇಳಿಯುತ್ತದೆ. ಎರಡೂವರೆ ಸೆಂಟಿಮೀಟರಿನಲ್ಲಿರುವ ಮೈಕಿಗಿಂತ ಇಪ್ಪತ್ತು ಸೆಂಟಿಮೀಟರಿನಲ್ಲಿರುವುದಕ್ಕೆ 18 ಡೆಸಿಬೆಲ್ ಕಡಿಮೆ. ಅದನ್ನು ತುಂಬಿಕೊಳ್ಳೋಕೆ ಮಿಕ್ಸರಲ್ಲಿ ಏರಿಸಬೇಕು, ಏರಿಸಿದರೆ ಬಾಕ್ಸಿನ ಶಬ್ದ ಮತ್ತೆ ಮೈಕಿಗೆ. ಸೀರೆ ಸೆರಗು, ಶಾಲು, ಮಾಂಗಲ್ಯದ ಸರ ಎಲ್ಲ ಅದಕ್ಕೆ ಉಜ್ಜುತ್ತವೆ. ಸನ್ಮಾನದ ಹಾರ ಬಿದ್ದರಂತೂ ಬಾಕ್ಸಿನಲ್ಲಿ ಗುಡುಗು. ವಿಡಿಯೋಗೆ ಕಾಲರ್, ದೊಡ್ಡ ಸಭೆಗೆ ಬೇಡ ಅನ್ನುವುದು ನನ್ನ ಲೆಕ್ಕ.

ಎರಡೂ ಕೈ ಖಾಲಿ ಬೇಕು ಅನ್ನುವವರಿಗೆ ಕೆನ್ನೆ ಮೇಲೆ ಬರುವ ಹೆಡ್ ಮೈಕ್ ವಾಸಿ. ಬಾಯಿಗೆ ಹತ್ತಿರ, ತಲೆ ತಿರುಗಿಸಿದರೂ ದೂರ ಬದಲಾಗಲ್ಲ. ತುಟಿಯ ಎದುರಿಗೆ ಬೇಡ, ಬಾಯಿಯ ಮೂಲೆಯಿಂದ ಎರಡು ಬೆರಳು ಆಚೆಗೆ ಇರಲಿ. ಇಲ್ಲದಿದ್ದರೆ "ಪ", "ಭ" ಅಂದಾಗಲೆಲ್ಲ ಗಾಳಿ ಬಡಿಯುತ್ತದೆ.

ಯಕ್ಷಗಾನದ ವಿಷಯ ಬೇರೆಯೇ. ಬಡಗುತಿಟ್ಟಿನ ವೇಷಕ್ಕೆ ಹೆಡ್ ಮೈಕ್ ಹಾಕಲು ನಾವು ಪಟ್ಟ ಪಾಡು ಒಂದೆರಡಲ್ಲ. ಬಣ್ಣ ಹಚ್ಚಿದ ಮೇಲೆ ಕೆನ್ನೆಗೆ ಟೇಪ್ ಅಂಟಲ್ಲ. ಕಿರೀಟ ಕಟ್ಟುವ ಬಟ್ಟೆ ಕಿವಿ ಮೇಲೆ ಬಿಗಿಯಾಗಿ ಬರುತ್ತದೆ, ಮೈಕಿನ ಕಡ್ಡಿ ಒಳಗೆ ಸಿಕ್ಕಿ ಚುಚ್ಚುತ್ತದೆ. ಒಂದು ಸಲ ಎರಡನೇ ಪ್ರವೇಶದ ಹೊತ್ತಿಗೆ ವೇಷಧಾರಿಯ ಧ್ವನಿ ನೀರೊಳಗಿಂದ ಬಂದ ಹಾಗಾಯಿತು. ಬಣ್ಣ ಹಚ್ಚುವ ಚೌಕಿಯಲ್ಲಿ ಬಿಚ್ಚಿ ನೋಡಿದರೆ ಮೈಕಿನ ಅಕ್ಕಿಕಾಳಿನಷ್ಟು ಬಾಯಲ್ಲಿ ಬೆವರಿನ ಹನಿ ನಿಂತಿದೆ. ಊದಿ, ಹತ್ತಿಯಲ್ಲಿ ಒರೆಸಿ, ಮೈಕನ್ನು ಕೆನ್ನೆಯಿಂದ ತೆಗೆದು ಹಣೆಯ ಮೇಲೆ ಮುಂದಲೆಯ ಅಂಚಿಗೆ ಸಿಕ್ಕಿಸಿದೆವು. ಅಲೆ ಕಳಿಸುವ ಸೊಂಟದ ಪೆಟ್ಟಿಗೆ, ಅಂದರೆ ಟ್ರಾನ್ಸ್‌ಮಿಟರಿಗೆ ತೆಳು ಪ್ಲಾಸ್ಟಿಕ್ ಸುತ್ತಿ, ಆಂಟೆನಾ ಮಾತ್ರ ಮಡಚದ ಹಾಗೆ ನೋಡಿಕೊಂಡೆವು. ಅದಾದ ಮೇಲೆ ನಮ್ಮ ರೂಢಿ ಹೀಗೆ. ಭಾಗವತರಿಗೆ, ಮದ್ದಳೆ ಚಂಡೆಗೆ ವೈರ್. ವೇದಿಕೆಯ ಮುಂದೆ ಮುಮ್ಮೇಳಕ್ಕೆ ಎರಡು ವೈರ್ ಮೈಕ್ ಯಾವಾಗಲೂ ಇದ್ದೇ ಇರುತ್ತವೆ. ಮಾತು ಜಾಸ್ತಿ ಇರುವ ಒಂದೋ ಎರಡೋ ವೇಷಕ್ಕೆ ಮಾತ್ರ ಕಾರ್ಡ್‌ಲೆಸ್. ಅದು ಹೋದರೂ ಆಟ ನಿಲ್ಲಲ್ಲ.

ನಾಟಕದವರಿಗೆ ಒಂದು ಮಾತು. ಹೆಗ್ಗೋಡಿನ ನೀನಾಸಂನಂಥ ಕಡೆ ಪಳಗಿ ಬಂದ ನಟರಾದರೆ ಇನ್ನೂರು ಮುನ್ನೂರು ಜನರ ರಂಗಮಂದಿರಕ್ಕೆ ಕೆನ್ನೆ ಮೈಕೇ ಬೇಡ. ಸುಮ್ನೆ ದುಡ್ಡು ದಂಡ.

ಕೊಳ್ಳೋದೋ, ಬಾಡಿಗೆಗೆ ತರೋದೋ

ವರ್ಷಕ್ಕೆ ನಾಲ್ಕು ಕಾರ್ಯಕ್ರಮ ಮಾಡುವ ಸಂಘ ಕೊಳ್ಳಬೇಡಿ. ಹೆಸರಿರುವ ಕಂಪನಿಯ ಒಂದು ಮೈಕಿನ ಯುಎಚ್‌ಎಫ್ ಸೆಟ್ಟಿಗೇ 25–30 ಸಾವಿರದಿಂದ ಮೇಲೆ ಕೊಡಬೇಕಾಗುತ್ತದೆ. ಬಾಡಿಗೆ ಸೆಟ್ಟಿನ ಜೊತೆ ಅದನ್ನು ಬಲ್ಲ ಮನುಷ್ಯನೂ ಬರುತ್ತಾನೆ, ಅದೇ ದೊಡ್ಡದು. ವಾರವಾರ ಬಳಸುವ ದೇವಸ್ಥಾನ, ಶಾಲೆ, ಸಮುದಾಯ ಭವನದವರು ಕೊಳ್ಳಿ. ಐದಾರು ಸಾವಿರದ ನಾಲ್ಕು ಮೈಕಿನ ಸೆಟ್ಟಿಗಿಂತ ಅದೇ ದುಡ್ಡಿನಲ್ಲಿ ಮೂರು ಒಳ್ಳೆಯ ವೈರ್ ಮೈಕು ಬರುತ್ತದೆ. ನಾಲ್ಕು ಕೆಟ್ಟ ಕಾರ್ಡ್‌ಲೆಸ್ ಬದಲು ಒಂದು ಒಳ್ಳೆಯದು, ಮೂರು ವೈರ್. ನಾನು ಇಷ್ಟು ಹೇಳಿದರೂ ನಾಲ್ಕು ಮೈಕಿನದೇ ತರುತ್ತಾರೆ, ಇರಲಿ.

ಕಟ್ಟುವ ದಿನ

ಇದೇ ನಿಜವಾದ ಕೆಲಸ. ಸಾಧಾರಣ ಸೆಟ್ಟನ್ನು ಸರಿಯಾಗಿ ಕಟ್ಟಿದರೆ ದುಬಾರಿ ಸೆಟ್ಟನ್ನು ಹೇಗೋ ಇಟ್ಟದ್ದಕ್ಕಿಂತ ಚೆನ್ನಾಗಿ ನಡೆಯುತ್ತದೆ.

ರಿಸೀವರನ್ನು ವೇದಿಕೆಯ ಪಕ್ಕ ಇಡಿ. ಎಲ್ಲರೂ ಮಾಡುವ ತಪ್ಪು ಅದನ್ನು ಮಿಕ್ಸರ್ ಹತ್ತಿರ, ಜನರ ಹಿಂದೆ, ಮೇಜಿನ ಮೇಲೆ ಇಡುವುದು. ಅಲೆ ಐನೂರು ಜನರನ್ನು ದಾಟಿ ಬರಬೇಕಾಗುತ್ತದೆ. ಅದರ ಬದಲು ರಿಸೀವರ್ ವೇದಿಕೆಯ ಬದಿಯಲ್ಲಿದ್ದು, ಅಲ್ಲಿಂದ ಮಿಕ್ಸರಿಗೆ ಮಾಮೂಲಿ ಮೈಕ್ ಕೇಬಲ್ ಎಳೆದರೆ ಮೂವತ್ತು ನಲವತ್ತು ಮೀಟರ್ ಆದರೂ ಧ್ವನಿಗೆ ಏನೂ ಆಗಲ್ಲ. ಆಂಟೆನಾ ಕೇಬಲ್ಲನ್ನು ಹಾಗೆ ಉದ್ದ ಎಳೆಯಲು ಹೋಗಬೇಡಿ. ತೆಳು ಕೇಬಲ್ಲಿನಲ್ಲಿ ಹತ್ತು ಮೀಟರಿಗೆ ಸಿಗ್ನಲ್ ಅರ್ಧಕ್ಕೆ ಬರುತ್ತದೆ.

ಎತ್ತರ ಮುಖ್ಯ. ತಲೆಗಿಂತ ಮೇಲೆ, ಸ್ಟೂಲಿನ ಮೇಲೆ ಸ್ಟೂಲ್ ಇಟ್ಟಾದರೂ ಸರಿ. ಆಂಟೆನಾಗಳನ್ನು ಮೊಲದ ಕಿವಿಯ ಹಾಗೆ ಓರೆಯಾಗಿ ಬಿಡಿ. ಆಂಪ್ಲಿಫೈಯರ್ ಮೇಲೆ, ಕಬ್ಬಿಣದ ಬೀರು ಪಕ್ಕ, ಎಲ್‌ಇಡಿ ಪರದೆಯ ಹಿಂದೆ ಬೇಡವೇ ಬೇಡ. ಶಿವಮೊಗ್ಗ ಪೇಟೆಯ ಕಾರ್ಯಕ್ರಮಗಳಲ್ಲಿ ಈಗ ಎಲ್ಲೆಲ್ಲೂ ಎಲ್‌ಇಡಿ ಪರದೆ. ಆ ಪರದೆಗಳು ಯುಎಚ್‌ಎಫ್ ಉದ್ದಕ್ಕೂ ಗಲೀಜು ಚೆಲ್ಲುತ್ತವೆ. ಅದಕ್ಕೇ ಚಾನೆಲ್ ಹುಡುಕುವ ಮೊದಲು ಪರದೆ, ದೀಪ, ಜನರೇಟರ್ ಎಲ್ಲವನ್ನೂ ಆನ್ ಮಾಡಿಸಿ. ನಿಮ್ಮ ಮೈಕುಗಳನ್ನು ಆಫ್ ಮಾಡಿ. ಆಗ ರಿಸೀವರ್ ಮೇಲೆ ಸಿಗ್ನಲ್ ದೀಪ ಹತ್ತಿದರೆ ಅದು ಪಕ್ಕದವರದ್ದು ಅಥವಾ ಗಲೀಜು. ಬೇರೆ ಚಾನೆಲ್ ಹುಡುಕಿ.

ಮೈಕು ಎರಡಕ್ಕಿಂತ ಹೆಚ್ಚಿದ್ದರೆ ಒಂದು ಕೂಡಿ ಕಳೆಯುವ ಲೆಕ್ಕ ಬರುತ್ತದೆ. ಒಂದು ಮೈಕು 600, ಇನ್ನೊಂದು 601 ಮೆಗಾಹರ್ಟ್ಸ್ ಅಂತ ಇಟ್ಟುಕೊಳ್ಳಿ. ಎರಡೂ ಒಟ್ಟಿಗೆ ಓಡಿದಾಗ ಯಾರೂ ಕರೆಯದ ಎರಡು ಮರಿಗಳು ಹುಟ್ಟುತ್ತವೆ. 600ನ್ನು ದುಪ್ಪಟ್ಟು ಮಾಡಿ 601 ಕಳೆದರೆ 599. 601ನ್ನು ದುಪ್ಪಟ್ಟು ಮಾಡಿ 600 ಕಳೆದರೆ 602. ಈಗ ಮೂರನೇ ಮೈಕನ್ನು ಲೆಕ್ಕ ಸರಿಯಾಗಿ ಕಾಣಲಿ ಅಂತ 602ಕ್ಕೆ ಇಟ್ಟಿರೋ, ಅದರ ಮೇಲೆಯೇ ಆ ಮರಿ ಕೂತಿರುತ್ತದೆ. ಒಂದೊಂದೇ ಪರೀಕ್ಷೆ ಮಾಡಿದಾಗ ಮೂರೂ ಚೆನ್ನ, ಒಟ್ಟಿಗೆ ಆನ್ ಮಾಡಿದರೆ ಮೂರನೆಯದರಲ್ಲಿ ಸಿಳ್ಳೆ. ಅದನ್ನೇ 603ಕ್ಕೆ ಸರಿಸಿದರೆ ತಪ್ಪಿಸಿಕೊಳ್ಳಬಹುದು. ಸಮ ಅಂತರ ಬೇಡ ಅನ್ನುವುದು ನೆನಪಿರಲಿ. ಲೆಕ್ಕ ಬೇಡ ಅನ್ನುವವರಿಗೆ ಕಂಪನಿಯವರೇ ಮಾಡಿ ಇಟ್ಟಿರುತ್ತಾರೆ. ರಿಸೀವರಿನಲ್ಲಿ ಗ್ರೂಪ್, ಚಾನೆಲ್ ಅಂತ ಎರಡು ನಂಬರ್ ಇರುತ್ತದೆ. ಎಲ್ಲ ಮೈಕಿಗೂ ಒಂದೇ ಗ್ರೂಪ್, ಬೇರೆ ಬೇರೆ ಚಾನೆಲ್. ಪರೀಕ್ಷೆ ಮಾಡುವಾಗ ಎಲ್ಲವನ್ನೂ ಆನ್ ಇಟ್ಟು, ಒಂದಕ್ಕೊಂದು ಅಂಟಿಸದೆ ದೂರ ದೂರ ಇಟ್ಟು, ಒಂದನ್ನು ಹಿಡಿದು ನಡೆಯಿರಿ. ಮೈಕುಗಳನ್ನು ರಿಸೀವರ್ ಪಕ್ಕದಲ್ಲೇ ರಾಶಿ ಹಾಕಬೇಡಿ, ಮೂರು ಮೀಟರ್ ಆದರೂ ದೂರ ಇರಲಿ.

ಧ್ವನಿ ಏರಿಸುವುದು ಮೂರು ಕಡೆ: ಮೈಕಿನ ಒಳಗೆ, ರಿಸೀವರಿನಲ್ಲಿ, ಮಿಕ್ಸರಿನಲ್ಲಿ. ಶುರು ಮೈಕಿನಿಂದ. ಮಾತಾಡುವವರಿಗೆ "ಹಲೋ ಹಲೋ, ಒನ್ ಟೂ ತ್ರೀ" ಬೇಡ ಅನ್ನಿ. ಅದನ್ನು ಎಲ್ಲರೂ ಪಿಸುಗುಡುತ್ತಾರೆ. "ಬೋಲೋ ಭಾರತ್ ಮಾತಾ ಕೀ" ಅಂತಲೋ, ಪದ್ಯದ ಏರು ಸಾಲನ್ನೋ ಪೂರ್ತಿ ದನಿಯಲ್ಲಿ ಹೇಳಿಸಿ. ಅದರಲ್ಲಿ ಕೆಂಪು ದೀಪ ಅಪರೂಪಕ್ಕೆ ಮಿನುಗಬೇಕು, ಹತ್ತಿ ಉರಿಯಬಾರದು. ಮಿಕ್ಸರಿನಲ್ಲಿ 100 ಹರ್ಟ್ಸ್ ಕೆಳಗಿನದನ್ನು ಕತ್ತರಿಸುವ ಗುಂಡಿ ಒತ್ತಿ. ಕೈಯ ತಟಪಟ, ಗಾಳಿಯ ಬುಸುಬುಸು ಎಷ್ಟೋ ಹೋಗುತ್ತದೆ. ಬಾಕ್ಸುಗಳು ಮೈಕಿಗಿಂತ ಮುಂದೆ ಇರಲಿ. ನಿರೂಪಕರು ಬಾಕ್ಸಿನ ಎದುರಿಗೆ ಇಳಿದು ಹೋಗುವವರಾದರೆ ಮೊದಲೇ ಹೇಳಿಬಿಡಿ, "ಅಕ್ಕಾ, ಈ ಗೆರೆ ದಾಟಬೇಡಿ".

ಇನ್ನು ಸೆಲ್. ಕಾರ್ಡ್‌ಲೆಸ್ ಕೈಕೊಟ್ಟಾಗ ನಾನು ಮೊದಲು ಬಿಚ್ಚಿ ನೋಡುವುದು ಅದನ್ನೇ. ಗೋಡೆ ಗಡಿಯಾರಕ್ಕೆ ಹಾಕುವ ಅಗ್ಗದ ಪೆನ್ ಸೆಲ್ ಬೇಡ, ಆಲ್ಕಲೈನ್ ಅಂತ ಬರೆದದ್ದೇ ಇರಲಿ. ರೀಚಾರ್ಜ್ ಮಾಡುವ ಸೆಲ್ 1.5 ವೋಲ್ಟ್ ಬದಲು 1.2 ವೋಲ್ಟ್ ಕೊಡುತ್ತದೆ. ಒಳ್ಳೆಯದೇ, ಉಳಿತಾಯವೂ ಹೌದು. ಆದರೆ ಕೆಲವು ಮೈಕಿನ ಬ್ಯಾಟರಿ ಗೀಟು ಅದನ್ನು ತಪ್ಪಾಗಿ ತೋರಿಸುತ್ತದೆ, ಮತ್ತು ಕೊನೆಗೆ ಒಮ್ಮೆಲೇ ಕುಸಿಯುತ್ತದೆ. ಗೀಟು ನಂಬದೆ ಗಂಟೆ ಲೆಕ್ಕ ಇಡಿ. ನಾನು ಪ್ರತಿ ಕಾರ್ಯಕ್ರಮಕ್ಕೂ ಹೊಸ ಸೆಲ್ ಹಾಕುತ್ತೇನೆ, ಅರ್ಧ ಬಳಸಿದ್ದು ಮನೆಯ ಟಾರ್ಚಿಗೆ ಹೋಗುತ್ತದೆ. ನಮ್ಮನೆಯ ಟಾರ್ಚಿಗೆ ವರ್ಷವಿಡೀ ಬೆಳಕಿನ ಬರ ಇಲ್ಲ.

ಮಳೆಗಾಲದ ಆರೈಕೆ

ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಜಾಸ್ತಿ ಮಳೆ. ನಮ್ಮೂರು ಅಷ್ಟಲ್ಲದಿದ್ದರೂ ಜೂನ್ ಬಂದರೆ ಚಪ್ಪಲಿ, ಬೆಲ್ಟು, ಪುಸ್ತಕ ಎಲ್ಲಕ್ಕೂ ಬೂಷ್ಟು. ಮೈಕಿನ ಜಾಲರಿಯ ಒಳಗಿನ ಸ್ಪಂಜಿಗೂ ಹಿಡಿಯುತ್ತದೆ. ಮೇ ಕೊನೆಗೆ ಸೆಲ್‌ಗಳನ್ನೆಲ್ಲ ತೆಗೆಯಿರಿ. ಒಳಗೆ ಬಿಟ್ಟರೆ ಸೋರಿ, ಸ್ಪ್ರಿಂಗಿನ ಮೇಲೆ ಬಿಳಿ ಹಿಟ್ಟು ಕೂತಿರುತ್ತದೆ. ಜಾಲರಿ ತಿರುಗಿಸಿ ಬಿಚ್ಚಿ, ಸ್ಪಂಜನ್ನು ಸೋಪು ನೀರಲ್ಲಿ ತೊಳೆದು ಪೂರ್ತಿ ಒಣಗಿಸಿ. ಗಾಳಿ ಆಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ. ಹದಿನೈದು ದಿನಕ್ಕೊಮ್ಮೆ ತೆಗೆದು ಅರ್ಧ ಗಂಟೆ ಆನ್ ಮಾಡಿ.

ಮೊದಲ ವರ್ಷ ನನಗೆ ಇದೆಲ್ಲ ಗೊತ್ತಿರಲಿಲ್ಲ. ಅಮ್ಮನನ್ನು ಕೇಳಿದೆ. "ಒಲೆ ಮೇಲಿನ ಅಟ್ಟದಲ್ಲಿಡು, ಅಲ್ಲಿಟ್ಟ ಕಾಳುಮೆಣಸಿಗೂ ಬೂಷ್ಟು ಬರಲ್ಲ" ಅಂದರು. ಇಟ್ಟೆ. ಬೂಷ್ಟು ಬರಲಿಲ್ಲ, ನಿಜ. ಗಣಪತಿ ಹಬ್ಬಕ್ಕೆ ತೆಗೆದಾಗ ಜಾಲರಿ ತುಂಬ ಮಸಿ. ಆ ವರ್ಷ ಮೈಕ್ ಹಿಡಿದು ಮಾತಾಡಿದ ಅಧ್ಯಕ್ಷರು "ಇದೇನು ಮಾರಾಯ, ಸಂಡಿಗೆ ಕರಿದ ವಾಸನೆ ಬರ್ತಿದೆ?" ಅಂತ ಮೈಕಿನಲ್ಲೇ ಕೇಳಿದರು.